ಎರಡು ಕೋವಿಗಳಿಗೆ ಒಂದೇ ತೋಟಾ

ಮನೆಯಲ್ಲಿ ಎರಡು ಪೆಟ್ಟಿಗೆಗಳಿದ್ದು ಅವೆರಡಕ್ಕೂ ಒಂದೇ ಬೀಗದ ಕೈ ಸಾಲುವಂತಿದ್ದರೆ ಗೃಹಿಣಿಗೆ ಎಷ್ಟು ಅನುಕೂಲವೋ ಹೇಳಬೇಕಾಗಿಲ್ಲ. ಇಂತಹುದೇ ಒಂದು ಅನುಕೂಲವು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕಾ ದೇಶದ ಪಶ್ಚಿಮ ಸೀಮೆಯ ಜನರಿಗೆ ದೊರೆಯಿತು. ಹೆಗಲಿಗೇರಿಸುವ ಉದ್ದನೆಯ ಕೋವಿಗೂ ಸೊಂಟದಲ್ಲಿ ತೂಗುವ ರಿವಾಲ್ವರಿಗೂ ಅವರು ಒಂದೇ ತೋಟಾವನ್ನು ಬಳಸತೊಡಗಿದರು. ವಿಷಯವು ಅಲ್ಪವಾಗಿ ತೋರಬಹುದು. ಆದರೆ ಒಂದು ನಾಡಿನ ಬಾಳುವೆಯನ್ನು ಮಹಾಯುದ್ಧಗಳು ಮಾತ್ರವಲ್ಲದೆ ಇಂತಹ ಅಲ್ಪ ಸೌಕರ್ಯಗಳೂ ತಿದ್ದುತ್ತವೆ ಎಂಬುದಕ್ಕೆ ಇದು ನಿದರ್ಶನವಾಗಿರುವುದರಿಂದ, ಇದನ್ನು ಸ್ವಲ್ಪ ವಿಸ್ತಾರವಾಗಿ ವಿಚಾರಿಸುವುದು ಅಪ್ರಕೃತವಾಗಲಾರದು.

ಮೊದಲು ಕೋವಿಯನ್ನು ತುಂಬುವ ಕೆಲಸವು ಬಹು ಪ್ರಯಾಸದ್ದಾಗಿದ್ದಿತು. ಮದ್ದನ್ನು ನಳಿಗೆಗೆ ಸುರಿದು, ಸೀಸದ ಗುಂಡನ್ನು ಗಜದಿಂದ ಜಡಿದು, ಕೇಪನ್ನು ಬೇರೆಯಾಗಿ ಇಡಬೇಕಾಗಿದ್ದಿತು. ಮಳೆ ಬಂದರೆ ಎಲ್ಲವೂ ವ್ಯರ್ಥ. ಮದ್ದು, ಗುಂಡು, ಕಿಡಿ ಈ ಮೂರನ್ನೂ ಒಂದೇ ಲೋಹದ ಕೊಳವೆಯಲ್ಲಿ ಅಡಕಮಾಡಿದ ತೋಟಾ ಬಂದ ಮೇಲೆ ಈ ತೊಡಕು ಕಳೆಯಿತು. 1860ರಲ್ಲಿ ಬೆಂಜಮಿನ್ ಟೈಲರ್ ಹೆನ್ರಿ ಎಂಬ ಕುಶಲಿಯು ಈ ಬಗೆಯ ತೋಟಾಗಳನ್ನು ಒಂದರ ಹಿಂದೊಂದರಂತೆ ಹಾರಿಸಬಲ್ಲ ಕೋವಿಗೆ ಸ್ವಾಮ್ಯದ ಹಕ್ಕನ್ನು ಪಡೆದನು. ಅವನ ಯಜಮಾನನು ಆಲಿವರ್ ವಿಂಚೆಸ್ಟರ್. ನ್ಯೂ ಹೇವನ್ ಪಟ್ಟಣದಲ್ಲಿ ಅಂಗಿಗಳನ್ನು ಹೊಲಿಸಿ ಮಾರಿ ಹಣ ಸಂಪಾದಿಸಿದ್ದ ಆ ವರ್ತಕನು ಕೋವಿಯ ವ್ಯಾಪಾರಕ್ಕೆ ಕೈಯಿಕ್ಕಿದ್ದನು. 1866ರಲ್ಲಿ ಅವನ ಹೆಸರಿನಲ್ಲಿಯೇ ಸುಧಾರಿಸಿದ ಕೋವಿಯೊಂದು ಹೊರಟಿತು. ಟ್ರಿಗರಿನ ಕೆಳಗಿರುವ ಸನ್ನೆಯನ್ನು ಒಮ್ಮೆ ಕೆಳಕ್ಕೆ ಒತ್ತಿ ಮೇಲಕ್ಕೆಳೆದರೆ ಖಾಲಿ ಕೊಳವೆಯು ಹೊರಗೆ ಸಿಡಿದು, ಹೊಸ ತೋಟಾ ಒಳಹೊಕ್ಕು, ಕೋವಿಯು ಸಿದ್ಧವಾಗುತ್ತಿದ್ದಿತು. ಇದೇ ಸನ್ನೆಕೋವಿಯ ಮರ್ಮ.

ರಿವಾಲ್ವರಿನ ಕಥೆ ಬೇರೆ. ಉರುಳೆಯನ್ನು ಆರಪಾರವಾಗಿ ಕೊರೆದು ಹಿಂದಿನಿಂದ ತೋಟಾ ತುಂಬುವ ಹಕ್ಕು ರಾಲಿನ್ ವೈಟ್ ಎಂಬವನದಾಗಿದ್ದು, ಅದನ್ನು ಸ್ಮಿತ್ ಮತ್ತು ವೆಸ್ಸನ್ ಎಂಬವರು ಹಿಡಿದಿದ್ದರು. 1869ರಲ್ಲಿ ಆ ಹಕ್ಕಿನ ಅವಧಿ ತೀರುವವರೆಗೂ ಕೋಲ್ಟ್ ಕಾರ್ಖಾನೆಯು ಹಳೆಯ ಕೇಪಿನ ರಿವಾಲ್ವರುಗಳಿಂದಲೇ ಕಾಲ ತಳ್ಳಬೇಕಾಯಿತು. ಅನಂತರ 1871–72ರಲ್ಲಿ ಅದು ಹೊರತಂದ ರಿವಾಲ್ವರಿಗೆ ಹೆನ್ರಿ ಕೋವಿಯ ತೋಟಾವನ್ನೇ ಅಳವಡಿಸಿತು. ಜೋಡಿಯ ಬೀಜವು ಇಲ್ಲಿಯೇ ಬಿದ್ದಿತೆನ್ನಬಹುದು. ಆದರೆ ಆ ತೋಟಾದ ಕಿಡಿಮದ್ದು ಕೊಳವೆಯ ಅಂಚಿನಲ್ಲಿ ಸುತ್ತಲೂ ಇರುತ್ತಿದ್ದುದರಿಂದ, ಒಮ್ಮೆ ಹಾರಿದ ಮೇಲೆ ಅದನ್ನು ಮತ್ತೆ ತುಂಬಿಕೊಳ್ಳುವುದು ಸುಲಭಸಾಧ್ಯವಾಗಿರಲಿಲ್ಲ; ಶಕ್ತಿಯೂ ಸಾಲದು.

1873ನೆಯ ಇಸವಿಯು ಈ ಚರಿತ್ರೆಯಲ್ಲಿ ಮುಖ್ಯವಾದುದು. ಆ ವರ್ಷ ವಿಂಚೆಸ್ಟರ್ ಸಂಸ್ಥೆಯು ತನ್ನ ಪ್ರಸಿದ್ಧ ಕೋವಿಯನ್ನೂ, ಅದರೊಡನೆ 44–40 ಎಂಬ ಹೊಸ ತೋಟಾವನ್ನೂ ಹೊರತಂದಿತು. ಮೊದಲ ಅಂಕಿಯು ಅಂಗುಲದ ನೂರನೆಯ ಭಾಗಗಳಲ್ಲಿ ಗುಂಡಿನ ಗಾತ್ರ. ಎರಡನೆಯದು ಕರಿಮದ್ದಿನ ತೂಕ, 40 ಗ್ರೇನ್. ಗುಂಡಿನ ತೂಕ 200 ಗ್ರೇನ್. ಕಿಡಿಮದ್ದು ನಡುವಿನಲ್ಲಿದ್ದುದರಿಂದ ಬಳಸಿದ ಕೊಳವೆಗೆ ಹೊಸ ಕೇಪನ್ನೊತ್ತಿ, ಮದ್ದು ತುಂಬಿ, ಸೀಸವನ್ನು ಕರಗಿಸಿ ಎರೆದ ಗುಂಡನ್ನಿಟ್ಟು ಮತ್ತೆ ಉಪಯೋಗಿಸಬಹುದಾಗಿದ್ದಿತು. ಅದೇ ವರ್ಷ ಕೋಲ್ಟ್ ಕಾರ್ಖಾನೆಯ ಹೊಸ ರಿವಾಲ್ವರು ಸರ್ಕಾರದ ಸೇನೆಗೆ ಸೇರಿತು. ಆದರೆ ಅದರ ತೋಟಾ ಬೇರೆ, 45ರ ಅಳತೆಯದು. ಅದರ ಬುಡದ ಅಂಚು ಬಹಳ ಕಿರಿದಾಗಿದ್ದುದರಿಂದ ಸನ್ನೆಕೋವಿಯ ಕೊಕ್ಕೆಗೆ ಅದನ್ನು ಹಿಡಿದೆಳೆಯಲು ಆಸರೆ ಸಾಲದಾಗಿದ್ದಿತು. ಹೀಗಾಗಿ ಒಂದೇ ವರ್ಷ ಹುಟ್ಟಿದ ಈ ಎರಡು ಆಯುಧಗಳು ಕೆಲವು ಕಾಲ ಒಂದರ ಊಟವನ್ನು ಇನ್ನೊಂದು ಉಣ್ಣಲಾರದೆ ಇದ್ದವು. 1878ರ ವೇಳೆಗೆ ಕೋಲ್ಟ್ ಕಾರ್ಖಾನೆಯು ತನ್ನ ರಿವಾಲ್ವರನ್ನು 44–40ರ ತೋಟಾಕ್ಕೂ ಹೊಂದಿಸಿ, ನಳಿಗೆಯ ಮೇಲೆ ‘ಫ್ರಾಂಟಿಯರ್ ಸಿಕ್ಸ್ ಷೂಟರ್’ ಎಂಬ ಹೆಸರನ್ನು ಕೆತ್ತಿ ಮಾರಲಾರಂಭಿಸಿತು. ಗಡಿನಾಡಿನ ಆರು ಗುಂಡಿನ ರಿವಾಲ್ವರ್ ಎಂಬುದೇ ಆ ಹೆಸರಿನ ತಾತ್ಪರ್ಯ.

ಇದರ ಪ್ರಯೋಜನವನ್ನು ಊಹಿಸುವುದು ಕಷ್ಟವಲ್ಲ. ಅಂಗಡಿಯೆಂಬುದು ಹಲವು ದಿನಗಳ ಪ್ರಯಾಣದ ದೂರದಲ್ಲಿದ್ದ ಕಡೆ, ಒಂದೇ ಪಟ್ಟಿಯಲ್ಲಿ ಒಂದೇ ತೋಟಾ ಇದ್ದರೆ ಕತ್ತಲೆಯಲ್ಲಿಯೂ ಕೈತಪ್ಪಾಗುವ ಭಯವಿಲ್ಲ. ವರ್ತಕನಿಗೂ ಎರಡು ಬಗೆಯ ಸರಕನ್ನು ತುಂಬಿಡುವ ತೊಂದರೆಯಿಲ್ಲ. ಆದರೆ ಲಾಭದ ಬೆನ್ನಿಗೆ ನಷ್ಟವೂ ಉಂಟು. ಎರಡಕ್ಕೂ ಸಲ್ಲುವ ತೋಟಾ ಎರಡಕ್ಕೂ ಪೂರ್ತಿಯಾಗಿ ಒಪ್ಪುವುದಿಲ್ಲ. ಉದ್ದನೆಯ ನಳಿಗೆಯಿಂದ ಈ ಗುಂಡು ಸೆಕೆಂಡಿಗೆ ಸುಮಾರು 1,200 ಅಡಿಗಳ ವೇಗದಿಂದ ಹೊರಡುತ್ತಿದ್ದಿತು; ರಿವಾಲ್ವರಿನಿಂದ ಅಷ್ಟಿಲ್ಲ. ರಿವಾಲ್ವರಿಗೆ ಇದು ಬಲಿಷ್ಠವಾದ ತೋಟಾ, ಕೋವಿಗಾದರೋ ದುರ್ಬಲ. ದೂರದ ಕಾಡೆಮ್ಮೆಗಳನ್ನು ಕೊಲ್ಲುವ ಬೇಟೆಗಾರರು ಇದನ್ನು ನೆಚ್ಚದೆ ಷಾರ್ಪ್ಸ್ ಮೊದಲಾದ ಏಕಗುಂಡಿನ ಭಾರಿ ಕೋವಿಗಳನ್ನೇ ಹಿಡಿದರು.

ಈ ಜೋಡಿಗೆ ಪ್ರಸಿದ್ಧವಾದ ಒಂದು ದೃಷ್ಟಾಂತವನ್ನು ಹೇಳಬಹುದು. 1880ರ ಡಿಸೆಂಬರಿನಲ್ಲಿ ನ್ಯೂ ಮೆಕ್ಸಿಕೋ ಪ್ರಾಂತ್ಯದ ಸ್ಟಿಂಕಿಂಗ್ ಸ್ಪ್ರಿಂಗ್ಸ್ ಎಂಬಲ್ಲಿ ಪ್ಯಾಟ್ ಗ್ಯಾರೆಟ್ ಎಂಬ ಅಧಿಕಾರಿಯು ಬಿಲ್ಲಿ ದಿ ಕಿಡ್ ಎಂಬವನ ತಂಡವನ್ನು ಸೆರೆಹಿಡಿದಾಗ, ಆ ತಂಡದ ಬಿಲ್ಲಿ ವಿಲ್ಸನ್ನನಿಂದ ವಿಂಚೆಸ್ಟರ್ ಕೋವಿಯೊಂದನ್ನೂ 44–40ರ ಕೋಲ್ಟ್ ರಿವಾಲ್ವರೊಂದನ್ನೂ ವಶಪಡಿಸಿಕೊಂಡನೆಂದು ಹೇಳುತ್ತಾರೆ. ಸೆರೆಯಿಂದ ತಪ್ಪಿಸಿಕೊಂಡ ಕಿಡ್ಡನನ್ನು 1881ರ ಜುಲೈ 14ರ ರಾತ್ರಿ ಫೋರ್ಟ್ ಸಮ್ನರಿನಲ್ಲಿ ಗ್ಯಾರೆಟ್ಟನು ಕೊಂದುದು ಅದೇ ರಿವಾಲ್ವರಿನಿಂದ. 2021ರಲ್ಲಿ ಆ ರಿವಾಲ್ವರು ಹರಾಜಿನಲ್ಲಿ 60 ಲಕ್ಷ ಡಾಲರಿಗೂ ಮಿಕ್ಕ ಬೆಲೆಗೆ ಹೋಯಿತು.

ಇಂತಹ ಕಥೆಗಳನ್ನು ಕೇಳಿದವರು, ಆ ಸೀಮೆಯವರೆಲ್ಲರೂ ಈ ಜೋಡಿಯನ್ನೇ ಧರಿಸುತ್ತಿದ್ದರೆಂದು ಭಾವಿಸುವುದು ಸಹಜ. ಚಲಚ್ಚಿತ್ರಗಳು ಈ ಭಾವನೆಯನ್ನು ಮತ್ತಷ್ಟು ಬೆಳೆಸಿವೆ. ಆದರೆ ಕಾರ್ಖಾನೆಯ ಲೆಕ್ಕವು ಬೇರೆಯದನ್ನು ಹೇಳುತ್ತದೆ. 1873ರಿಂದ 1940ರ ಸುಮಾರಿನವರೆಗೆ ತಯಾರಾದ ಆ ಮಾದರಿಯ ಕೋಲ್ಟ್ ರಿವಾಲ್ವರುಗಳಲ್ಲಿ 45ರ ಅಳತೆಯವು ಸುಮಾರು 1,50,000. 44–40ರವು ಸುಮಾರು 64,000 ಮಾತ್ರ. ಆದುದರಿಂದ ಎರಡು ಬಗೆಯ ತೋಟಾಗಳನ್ನು ಬೇರೆಬೇರೆಯಾಗಿ ಹೊತ್ತವರೇ ಬಹಳ ಮಂದಿ ಇದ್ದಿರಬೇಕೆಂದು ಊಹಿಸಬೇಕಾಗುತ್ತದೆ. ಸೇನೆಯ ಕುದುರೆಸವಾರರಂತೂ ಏಕಗುಂಡಿನ ಸ್ಪ್ರಿಂಗ್‌ಫೀಲ್ಡ್ ಕೋವಿಗೆ ಒಂದು, ರಿವಾಲ್ವರಿಗೆ ಇನ್ನೊಂದು ಎಂದು ಎರಡು ತೋಟಾಗಳನ್ನು ಹೊತ್ತೇ ನಡೆದರು.

ಹೀಗೆ ನಡೆದ ಸೈನಿಕರೇ 1876ರ ಜೂನ್ 25ರಂದು ಮೊಂಟಾನಾದ ಲಿಟಲ್ ಬಿಗ್‌ಹಾರ್ನ್ ನದಿಯ ದಂಡೆಯಲ್ಲಿ ಕಸ್ಟರನೊಡನೆ ಮಡಿದರು. 1983ರಲ್ಲಿ ಅಲ್ಲಿಯ ಹುಲ್ಲುಗಾವಲು ಕಾಡುಗಿಚ್ಚಿಗೆ ಸುಟ್ಟು ನೆಲವು ಬರಿದಾದಾಗ, 1984 ಮತ್ತು 1985ರಲ್ಲಿ ಪುರಾತತ್ತ್ವಜ್ಞರು ಶೋಧಿಸಿ ತೋಟಾದ ಕೊಳವೆಗಳನ್ನು ಆಯ್ದರು. ಅವುಗಳಲ್ಲಿ ಹೆನ್ರಿ ಮತ್ತು ವಿಂಚೆಸ್ಟರ್ ಕೋವಿಗಳವೂ ದೊರೆತುವು. ಅವು ಸೈನಿಕರವಲ್ಲ, ತಮ್ಮ ನೆಲಕ್ಕಾಗಿ ಹೋರಾಡಿದ ಲಕೋಟಾ ಮತ್ತು ಷೆಯೆನ್ ಯೋಧರವು. ಆ ದಿನದ ಜಯ ಅವರದಾಯಿತು. ಆದರೆ ಕೋವಿಯನ್ನು ಸಂಪಾದಿಸುವುದು ಬೇರೆ, ತೋಟಾವನ್ನು ಹುಟ್ಟಿಸುವ ಕಾರ್ಖಾನೆಯನ್ನು ಹೊಂದುವುದು ಬೇರೆ. ಬಿಲ್ಲನ್ನೂ ಬಾಣವನ್ನೂ ತಾನೇ ಮಾಡಿಕೊಳ್ಳಬಲ್ಲ ಜನವು ತೋಟಾಕ್ಕೆ ಪರಾಧೀನವಾಯಿತು. ಮುಂದಿನ ವರ್ಷವೇ ಅವರಲ್ಲಿ ಬಹುಮಂದಿ ಶರಣಾಗಬೇಕಾಯಿತು. ತಿನ್ನಲು ಕಾಡೆಮ್ಮೆಗಳೂ ವಿರಳವಾಗುತ್ತಿದ್ದವು.

ಜೋಡಿಯ ವೈಭವವು ಬಹಳ ಕಾಲ ನಿಲ್ಲಲಿಲ್ಲ. ಹೊಗೆಯಿಲ್ಲದ ಮದ್ದು ಬಂದ ಮೇಲೆ 1895ರಿಂದ ಕೋವಿಗೆಂದೇ ಮೀಸಲಾದ ವೇಗದ ತೋಟಾಗಳು ಪ್ರಬಲಿಸಿದುವು. 44–40ರಲ್ಲಿಯೂ ಕೋವಿಗಾಗಿ ಹೆಚ್ಚು ಒತ್ತಡದ ತೋಟಾಗಳನ್ನು ತಯಾರಿಸಿ, ಅವುಗಳನ್ನು ರಿವಾಲ್ವರಿನಲ್ಲಿ ಬಳಸಕೂಡದೆಂದು ಎಚ್ಚರಿಸಬೇಕಾಯಿತು. ಒಂದೇ ಗಾತ್ರದ್ದೆಂಬ ನಂಬಿಕೆಯೇ ಅಪಾಯಕ್ಕೆ ಕಾರಣವಾಗುವ ಕಾಲ ಬಂದಿತು.

ನಮ್ಮ ದೇಶದ ಕಡೆಗೂ ಒಮ್ಮೆ ನೋಡೋಣ. ಅಮೆರಿಕಾದಲ್ಲಿ ಈ ರಿವಾಲ್ವರು ಅಂಗಡಿಗೆ ಬಂದ 1878ರಲ್ಲಿಯೇ ಇಲ್ಲಿ ಆಂಗ್ಲ ಸರ್ಕಾರವು ಆಯುಧಗಳ ಕಾನೂನನ್ನು ಮಾಡಿ ಜನರನ್ನು ನಿರಾಯುಧರನ್ನಾಗಿಸಿತು. ಕೊಡಗಿನಲ್ಲಿ ಮಾತ್ರ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ದೊರೆತು, ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲುವುದು ನಿಲ್ಲಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ 450ರ ಅಳತೆಯ ಬೇಟೆಯ ಕೋವಿಗಳನ್ನೂ ಸರ್ಕಾರವು ಇಲ್ಲಿ ನಿಷೇಧಿಸಿತು. ಅವುಗಳ ಸರಕು ದಂಗೆಕೋರರ ಕೈಯಲ್ಲಿದ್ದ ಹಳೆಯ ಸೇನಾಕೋವಿಗಳಿಗೆ ಒದಗೀತೆಂಬ ಭಯವೇ ಇದಕ್ಕೆ ಕಾರಣ. ಅಲ್ಲಿ ವಸಾಹತುಗಾರನಿಗೆ ಸೌಕರ್ಯವೆನಿಸಿದ ಅಳತೆಯ ಸಾಮ್ಯವು ಇಲ್ಲಿ ಆಳುವವರಿಗೆ ಭೀತಿಯೆನಿಸಿತು.

ತೋಟಾ ಜಡವಸ್ತು. ಅದು ಯಾವ ಕೋವಿಗೆ ಹೊಂದುತ್ತದೆಂಬುದನ್ನು ಯಂತ್ರಶಿಲ್ಪಿಯು ನಿರ್ಣಯಿಸುತ್ತಾನೆ. ಯಾರ ಕೈಗೆ ಸಿಕ್ಕುತ್ತದೆಂಬುದನ್ನು ವರ್ತಕನೂ ಸರ್ಕಾರವೂ ನಿರ್ಣಯಿಸುತ್ತವೆ. ಚರಿತ್ರೆಯನ್ನು ಓದುವವರು ಮೊದಲನೆಯದನ್ನು ಮೆಚ್ಚುವಾಗ ಎರಡನೆಯದನ್ನು ಮರೆಯದಿರುವುದು ಒಳ್ಳೆಯದು.