ಮನೆಬಳಕೆಯ ಸುಗಂಧ ತೈಲಗಳು

ಮನೆಬಳಕೆಯ ಸುಗಂಧ ತೈಲಗಳು ಎಂದರೆ ಕೋಣೆಯ ಗಾಳಿಗೂ ಹಾಸಿಗೆ, ಹೊದಿಕೆ, ಸೀರೆ, ಟವೆಲು ಮೊದಲಾದ ಬಟ್ಟೆಗಳಿಗೂ ಪರಿಮಳ ನೀಡಲು ಬಳಸುವ, ತಾವಾಗಿಯೇ ಆವಿಯಾಗುವ ತೈಲಗಳು. ಮೈಗೆ ಲೇಪಿಸುವ ಅತ್ತರು, ತಲೆಗೆ ಹಚ್ಚುವ ಸುವಾಸಿತ ಎಣ್ಣೆ ಹಾಗೂ ಉರಿಸುವ ಅಗರಬತ್ತಿಗಳಿಗಿಂತ ಇವುಗಳ ಆಯ್ಕೆಯ ಮಾನದಂಡ ಭಿನ್ನವಾಗಿದೆ. ಪರಿಮಳ ಹಿತವಾಗಿದೆಯೇ ಎಂಬುದರ ಜೊತೆಗೆ ತೈಲ ಎಷ್ಟು ಬೇಗ ಆರುತ್ತದೆ, ಬಟ್ಟೆಯ ಮೇಲೆ ಕಲೆ ಬಿಡುತ್ತದೆಯೇ, ಅದೇ ಕೋಣೆಯಲ್ಲಿ ಮಲಗುವ ಮಗುವಿಗೆ ಅಥವಾ ಉಬ್ಬಸವುಳ್ಳವರಿಗೆ ತೊಂದರೆಯಾಗುತ್ತದೆಯೇ ಎಂಬುದನ್ನೂ ನೋಡಬೇಕಾಗುತ್ತದೆ.

ಹಿನ್ನೆಲೆ

ಭಾರತದಲ್ಲಿ ಪರಿಮಳದ್ರವ್ಯಗಳನ್ನು ಬೆರೆಸುವ ವಿದ್ಯೆಗೆ ‘ಗಂಧಯುಕ್ತಿ’ ಎಂಬ ಹೆಸರಿತ್ತು. ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿ ಇದಕ್ಕೆಂದೇ ಒಂದು ಅಧ್ಯಾಯವಿದೆ. 11ನೆಯ ಶತಮಾನದ ಚಾವುಂಡರಾಯನ ಕನ್ನಡ ಗ್ರಂಥ ‘ಲೋಕೋಪಕಾರ’ವೂ ಅಡುಗೆ, ವೃಕ್ಷಾಯುರ್ವೇದ, ಜಲಶೋಧನೆಗಳ ಜೊತೆಗೆ ಪರಿಮಳದ್ರವ್ಯಗಳ ತಯಾರಿಕೆಯನ್ನು ವಿವರಿಸುತ್ತದೆ. (ಈತ ಶ್ರವಣಬೆಳಗೊಳದ ಗೊಮ್ಮಟಮೂರ್ತಿಯನ್ನು ಮಾಡಿಸಿದ ಗಂಗರ ಮಂತ್ರಿ ಚಾವುಂಡರಾಯನಲ್ಲ.) ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ವು ಧೂಪ ಮತ್ತು ವಿಲೇಪನಗಳನ್ನು ರಾಜಭೋಗಗಳಲ್ಲಿ ಎಣಿಸುತ್ತದೆ.

ಸಾಮಾನ್ಯ ಮನೆಗಳಲ್ಲಿ ತೈಲಕ್ಕಿಂತ ಒಣಗಿದ ಸಸ್ಯಭಾಗಗಳ ಬಳಕೆಯೇ ಹೆಚ್ಚಾಗಿತ್ತು. ಸೀರೆಯ ಪೆಟ್ಟಿಗೆಯಲ್ಲಿ ಲಾವಂಚದ ಬೇರಿನ ಕಟ್ಟು ಇಡುವುದು, ಎಣ್ಣೆಸ್ನಾನದ ನಂತರ ಕೂದಲಿಗೆ ಸಾಂಬ್ರಾಣಿ ಹೊಗೆ ಹಿಡಿಯುವುದು, ಅತಿಥಿಗಳಿಗೆ ಪನ್ನೀರು ಚಿಮುಕಿಸುವುದು ಕರ್ನಾಟಕದಲ್ಲಿ ಇಂದಿಗೂ ಉಳಿದಿರುವ ರೂಢಿಗಳು. 19ನೆಯ ಶತಮಾನದಲ್ಲಿ ಭಾರತದಿಂದ ಯೂರೋಪಿಗೆ ಹೋಗುತ್ತಿದ್ದ ಕಾಶ್ಮೀರಿ ಶಾಲುಗಳ ಮಡಿಕೆಗಳ ನಡುವೆ ನುಸಿ ಹತ್ತದಂತೆ ಪಚೌಲಿ ಎಲೆಗಳನ್ನು ಇಡುತ್ತಿದ್ದರು. ಅಲ್ಲಿನ ಕೊಳ್ಳುವವರು ಆ ವಾಸನೆಯನ್ನೇ ಅಸಲಿ ಶಾಲಿನ ಗುರುತೆಂದು ಭಾವಿಸತೊಡಗಿದರು. ಆಮೇಲೆ ಅಲ್ಲಿಯ ನಕಲಿ ಶಾಲುಗಳಿಗೂ ಪಚೌಲಿಯ ವಾಸನೆ ಹಿಡಿಸಬೇಕಾಯಿತು.

ತೈಲಗಳ ಬಗೆ

ಅಂಗಡಿಯಲ್ಲಿ ಒಂದೇ ಸಾಲಿನಲ್ಲಿ ಕಾಣುವ ಸೀಸೆಗಳೊಳಗೆ ಬೇರೆಬೇರೆ ಜಾತಿಯ ದ್ರವಗಳಿರುತ್ತವೆ.

ಸಾರಭೂತ ತೈಲ, ಅಂದರೆ ಸೀಸೆಯ ಮೇಲೆ ‘ಎಸೆನ್ಷಿಯಲ್ ಆಯಿಲ್’ ಎಂದು ನಮೂದಾಗಿರುವುದು, ಸಾಮಾನ್ಯವಾಗಿ ಎಲೆ, ಬೇರು, ಕಟ್ಟಿಗೆ ಅಥವಾ ಹೂವಿನ ಮೂಲಕ ನೀರಾವಿ ಹಾಯಿಸಿ ಬಟ್ಟಿ ಇಳಿಸಿದ ತೈಲ. ಕಿತ್ತಳೆ, ನಿಂಬೆಗಳ ತೈಲವನ್ನು ಸಿಪ್ಪೆ ಹಿಂಡಿಯೂ ತೆಗೆಯುತ್ತಾರೆ. ಬಟ್ಟಿಯಲ್ಲಿ ತೈಲದೊಂದಿಗೆ ಹೊರಬರುವ ಸುವಾಸಿತ ನೀರೂ ಉಪಯುಕ್ತ. ಪನ್ನೀರು ಇಂಥದೇ ದ್ರವ. ಮಲ್ಲಿಗೆಯಂಥ ಕೋಮಲ ಹೂವುಗಳ ಪರಿಮಳವು ಬಟ್ಟಿಯ ಶಾಖದಲ್ಲಿ ಕೆಡುವುದರಿಂದ ಅದನ್ನು ಹೆಕ್ಸೇನ್‌ನಂಥ ದ್ರಾವಕದಲ್ಲಿ ಕರಗಿಸಿ ಬೇರ್ಪಡಿಸುತ್ತಾರೆ. ಹೀಗೆ ದೊರೆಯುವ ‘ಆಬ್ಸಲ್ಯೂಟ್’ ಗಾಢಬಣ್ಣದ್ದು, ದುಬಾರಿಯಾದದ್ದು ಮತ್ತು ಬಿಳಿ ಬಟ್ಟೆಯ ಮೇಲೆ ಕಲೆ ಬಿಡುವಂಥದು.

ಅತ್ತರು ಉತ್ತರಪ್ರದೇಶದ ಕನೌಜಿನ ವಿಶೇಷ ಉತ್ಪನ್ನ. ಅಲ್ಲಿ ‘ದೇಗ್’ ಎಂಬ ತಾಮ್ರದ ಹಂಡೆಯಲ್ಲಿ ಹೂವನ್ನೂ ನೀರನ್ನೂ ಕಾಯಿಸಿ, ಆವಿಯನ್ನು ಬಿದಿರಿನ ಕೊಳವೆಯ ಮೂಲಕ ‘ಭಪ್ಕಾ’ ಎಂಬ ಪಾತ್ರೆಗೆ ಹಾಯಿಸುತ್ತಾರೆ. ಭಪ್ಕಾದಲ್ಲಿ ಮೊದಲೇ ಇರುವ ಶ್ರೀಗಂಧದ ಎಣ್ಣೆ ಆ ಪರಿಮಳವನ್ನು ಹೀರಿಕೊಳ್ಳುತ್ತದೆ. ಸುಟ್ಟ ಮಣ್ಣಿನಿಂದ ತೆಗೆಯುವ, ಮೊದಲ ಮಳೆಯ ವಾಸನೆಯ ‘ಮಿಟ್ಟಿ ಅತ್ತರು’ ಸಿದ್ಧವಾಗುವುದೂ ಹೀಗೆಯೇ. ಶ್ರೀಗಂಧದ ಬೆಲೆ ಏರಿದ ಮೇಲೆ ಅನೇಕ ತಯಾರಕರು ಅದರ ಬದಲು ದ್ರವ ಪ್ಯಾರಫಿನ್ ಬಳಸುತ್ತಿದ್ದಾರೆ. ಪ್ಯಾರಫಿನ್ ಆರಿಹೋಗುವುದಿಲ್ಲವಾದ್ದರಿಂದ ಇಂಥ ಅತ್ತರು ಬಟ್ಟೆಗೆ ಸಲ್ಲದು.

‘ಫ್ರೇಗ್ರೆನ್ಸ್ ಆಯಿಲ್’ ಎಂಬುದು ಪ್ರಯೋಗಾಲಯದಲ್ಲಿ ಸಂಯೋಜಿಸಿದ ಮಿಶ್ರಣ. ಕೃತಕವೆಂಬ ಕಾರಣಕ್ಕೇ ಇದನ್ನು ಕೀಳೆಂದು ತಳ್ಳಿಹಾಕುವುದು ಸರಿಯಲ್ಲ. ಕಸ್ತೂರಿಮೃಗದ ಬೇಟೆ ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅಪರಾಧವಾಗಿದ್ದು, ಇಂದು ಕಸ್ತೂರಿಯ ಪರಿಮಳವೆಂದು ಮಾರಾಟವಾಗುವುದು ಬಹುಮಟ್ಟಿಗೆ ಕೃತಕವೇ. 1888ರಲ್ಲಿ ಆಲ್ಬರ್ಟ್ ಬೌರ್ ಎಂಬ ರಸಾಯನವಿಜ್ಞಾನಿ ಸ್ಫೋಟಕಗಳ ಕುರಿತು ಸಂಶೋಧನೆ ನಡೆಸುತ್ತಿದ್ದಾಗ ಮೊದಲ ಕೃತಕ ಕಸ್ತೂರಿ ಅಕಸ್ಮಾತ್ತಾಗಿ ದೊರೆಯಿತು.

ಆವಿಯಾಗುವ ವೇಗ ಮತ್ತು ಆಯ್ಕೆ

ಕೋಣೆಗೆ ಒಪ್ಪುವ ತೈಲ ಬಟ್ಟೆಗೆ ಒಪ್ಪದಿರಲು ಮುಖ್ಯ ಕಾರಣ ಆವಿಯಾಗುವ ವೇಗದ ವ್ಯತ್ಯಾಸ. ಕಿತ್ತಳೆ, ನಿಂಬೆ, ನೀಲಗಿರಿ ತೈಲಗಳ ಅಣುಗಳು ಹಗುರವಾದವು. ಅವು ತಕ್ಷಣ ಗಾಳಿಗೆ ಸೇರಿ ಕೋಣೆಯನ್ನು ತುಂಬುತ್ತವೆ, ಕೆಲವೇ ಗಂಟೆಗಳಲ್ಲಿ ಮಾಯವಾಗುತ್ತವೆ. ಲ್ಯಾವೆಂಡರ್ ಮತ್ತು ಗುಲಾಬಿ ನಡುವಿನವು. ಶ್ರೀಗಂಧ, ಲಾವಂಚ, ಪಚೌಲಿಗಳ ಅಣುಗಳು ಭಾರವಾದವು. ಅವು ದೊಡ್ಡ ಕೋಣೆಯಲ್ಲಿ ಅಷ್ಟಾಗಿ ಹರಡುವುದಿಲ್ಲ, ಆದರೆ ಮುಚ್ಚಿದ ಕಪಾಟಿನಲ್ಲಿ ವಾರಗಟ್ಟಲೆ ಉಳಿಯುತ್ತವೆ. ಆದ್ದರಿಂದ ಅತಿಥಿಗಳು ಬರುವ ಪಡಸಾಲೆಗೆ ಹಗುರ ತೈಲವೂ ಬಟ್ಟೆಯ ಕಪಾಟಿಗೆ ಭಾರ ತೈಲವೂ ಸೂಕ್ತ. ಎರಡನ್ನೂ ಬೆರೆಸಿದರೆ ಭಾರ ತೈಲವು ಹಗುರ ತೈಲವನ್ನು ಸ್ವಲ್ಪ ಹೊತ್ತು ಹಿಡಿದಿಡುತ್ತದೆ; ಕನೌಜಿನ ಅತ್ತರಿಗೆ ಶ್ರೀಗಂಧ ಬೇಕಾದುದೂ ಇದೇ ಕಾರಣಕ್ಕೆ.

ಶ್ರೀಗಂಧ: ಸ್ಯಾಂಟಾಲಮ್ ಆಲ್ಬಮ್ ಮರದ ಚೇಗು ಮತ್ತು ಬೇರುಗಳಿಂದ ತೆಗೆಯುವ ತೈಲ. ಮೊದಲ ಮಹಾಯುದ್ಧದ ವೇಳೆ ಗಂಧದ ಕಟ್ಟಿಗೆಯನ್ನು ಜರ್ಮನಿಗೆ ಕಳುಹಿಸುವುದು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನ 1916ರಲ್ಲಿ ತಾನೇ ಎಣ್ಣೆ ತೆಗೆಯತೊಡಗಿತು. ‘ಮೈಸೂರು ಶ್ರೀಗಂಧದ ಎಣ್ಣೆ’ಗೆ ಇಂದು ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಅಂತರರಾಷ್ಟ್ರೀಯ ಮಾನಕವೊಂದರ ಪ್ರಕಾರ ಈ ಜಾತಿಯ ತೈಲದಲ್ಲಿ ಆಲ್ಫಾ ಸ್ಯಾಂಟಲಾಲ್ ಶೇ. 41ರಿಂದ 55, ಬೀಟಾ ಸ್ಯಾಂಟಲಾಲ್ ಶೇ. 16ರಿಂದ 24 ಇರಬೇಕು. ಆಸ್ಟ್ರೇಲಿಯಾದ ಸ್ಯಾಂಟಾಲಮ್ ಸ್ಪಿಕೇಟಮ್ ಎಂಬ ಬೇರೆ ಜಾತಿಯ ತೈಲವೂ ‘ಸ್ಯಾಂಡಲ್‌ವುಡ್’ ಎಂದೇ ಮಾರಾಟವಾಗುತ್ತದೆ. ಅದರಲ್ಲಿ ಸ್ಯಾಂಟಲಾಲ್ ಕಡಿಮೆ. ಕಾಡಿನ ಶ್ರೀಗಂಧ ಕಳ್ಳಸಾಗಣೆಯಿಂದ ಬಹಳವಾಗಿ ಕ್ಷೀಣಿಸಿದೆ. ಹನಿಗೆ ಇಷ್ಟು ಬೆಲೆಯುಳ್ಳ ತೈಲವನ್ನು ಪಡಸಾಲೆಯ ಗಾಳಿಗೆ ಬಿಡುವುದು ದುಂದುಗಾರಿಕೆಯೇ ಸರಿ. ಬಟ್ಟೆಯ ಪೆಟ್ಟಿಗೆಗೆ ಒಂದೆರಡು ಹನಿ ಸಾಕಾಗುತ್ತದೆ.

ಲಾವಂಚ: ಮಣ್ಣಿನ ಮತ್ತು ತಂಪಿನ ಭಾವ ಕೊಡುವ ಮಂದ ತೈಲ. ಬಟ್ಟೆಗೆ ಇದರ ಒಣಬೇರೇ ತೈಲಕ್ಕಿಂತ ಅಗ್ಗ ಹಾಗೂ ನಿರಪಾಯ. ವಾಸನೆ ಕುಂದಿದ ಬೇರಿಗೆ ಸ್ವಲ್ಪ ನೀರು ಚಿಮುಕಿಸಿ ನೆರಳಲ್ಲಿ ಪೂರ್ತಿ ಒಣಗಿಸಿದರೆ ಪರಿಮಳ ಮತ್ತೆ ಏಳುತ್ತದೆ.

ಮಜ್ಜಿಗೆ ಹುಲ್ಲು: ಇದರ ತೈಲದ ಮುಖ್ಯಾಂಶ ಸಿಟ್ರಾಲ್. ನಿಂಬೆಯ ವಾಸನೆಯಿದ್ದರೂ ನಿಂಬೆಗಿಂತ ಹೆಚ್ಚು ಹೊತ್ತು ನಿಲ್ಲುತ್ತದೆ. ಅಡುಗೆಮನೆ, ಬಚ್ಚಲುಮನೆಗಳಿಗೆ ಹೊಂದುತ್ತದೆ. ಬೆಲೆಯೂ ಕಡಿಮೆ.

ದವನ: ದಕ್ಷಿಣ ಭಾರತದಲ್ಲಿ, ಕರ್ನಾಟಕವೂ ಸೇರಿ, ಬೆಳೆಯುವ ಆರ್ಟೆಮಿಸಿಯಾ ಪ್ಯಾಲೆನ್ಸ್ ಗಿಡದ ತೈಲ. ಹೂಮಾಲೆಯ ನಡುವಿನ ದವನದ ಪರಿಮಳ ಬಲ್ಲವರಿಗೆ ಇದರ ಹಣ್ಣಿನಂಥ ಸಿಹಿವಾಸನೆ ಅಪರಿಚಿತವಲ್ಲ. ಒಂದು ಹನಿಯೂ ಗಾಢ.

ಲ್ಯಾವೆಂಡರ್: ಯೂರೋಪಿನಲ್ಲಿ ಹಾಸಿಗೆಬಟ್ಟೆಗೆ ರೂಢಿಯಾದದ್ದು. ಇದರ ಲಿನಲೂಲ್ ಅಂಶ ಗಾಳಿಗೆ ತೆರೆದುಕೊಂಡು ಹಳತಾದಾಗ ಚರ್ಮದ ಅಲರ್ಜಿ ಉಂಟುಮಾಡುವ ವಸ್ತುವಾಗಿ ಮಾರ್ಪಡುತ್ತದೆ. ಆದ್ದರಿಂದ ಹಳೆಯ ಸೀಸೆಯ ತೈಲವನ್ನು ತಲೆದಿಂಬಿಗೆ ಬಳಸಬಾರದು.

ಅಸಲಿ ಮತ್ತು ನಕಲಿ

‘ಶುದ್ಧ’, ‘ನೈಸರ್ಗಿಕ’ ಎಂಬ ಮಾತುಗಳಿಗಿಂತ ಬೆಲೆಯೇ ಹೆಚ್ಚು ಸತ್ಯ ಹೇಳುತ್ತದೆ. ಒಂದು ಕಿಲೊ ಗುಲಾಬಿ ತೈಲಕ್ಕೆ ಹಲವು ಸಾವಿರ ಕಿಲೊ ಹೂವು ಬೇಕು; ಮಜ್ಜಿಗೆ ಹುಲ್ಲು ಹಾಗಲ್ಲ. ಇವೆರಡೂ ಒಂದೇ ಬೆಲೆಗೆ ಸಿಗುವ ಕಡೆ ಗುಲಾಬಿಯ ಸೀಸೆಯಲ್ಲಿ ಗುಲಾಬಿ ಇರಲಾರದು. ಸಸ್ಯದ ವೈಜ್ಞಾನಿಕ ಹೆಸರು, ಬಳಸಿದ ಭಾಗ, ತೆಗೆದ ವಿಧಾನ ಮತ್ತು ತಯಾರಿಕೆಯ ದಿನಾಂಕ ನಮೂದಾಗಿರುವ ಸೀಸೆ ಹೆಚ್ಚು ನಂಬಲರ್ಹ. ‘ಬಟ್ಟಿ ಇಳಿಸಿದ ಮಲ್ಲಿಗೆ ತೈಲ’, ‘ಸ್ಟ್ರಾಬೆರಿ ಎಸೆನ್ಷಿಯಲ್ ಆಯಿಲ್’ ಎಂಬಂಥ ಬರಹಗಳು ಅನುಮಾನಕ್ಕೆ ಎಡೆಕೊಡುತ್ತವೆ.

ಬಿಳಿ ಕಾಗದದ ಮೇಲೆ ಒಂದು ಹನಿ ಹಾಕಿ ಒಂದು ದಿನ ಬಿಟ್ಟು ನೋಡುವುದು ಮನೆಯಲ್ಲೇ ಮಾಡಬಹುದಾದ ಪರೀಕ್ಷೆ. ಕಿತ್ತಳೆ, ನೀಲಗಿರಿ, ಲ್ಯಾವೆಂಡರ್ ತೈಲಗಳು ಜಿಡ್ಡಿನ ಗುರುತು ಬಿಡದೆ ಆರುತ್ತವೆ. ಎಳ್ಳೆಣ್ಣೆ, ಹರಳೆಣ್ಣೆ ಬೆರೆತಿದ್ದರೆ ಅರೆಪಾರದರ್ಶಕ ಕಲೆ ಉಳಿಯುತ್ತದೆ. ಶ್ರೀಗಂಧ, ಲಾವಂಚಗಳು ನಿಧಾನವಾಗಿ ಆರುವುದರಿಂದ ಅವುಗಳಿಗೆ ಈ ಪರೀಕ್ಷೆ ಸಾಲದು. ಡೈಈಥೈಲ್ ಥ್ಯಾಲೇಟ್‌ನಂಥ ವಾಸನೆಯಿಲ್ಲದ ದ್ರವ ಬೆರೆಸಿದ್ದನ್ನು ನಿಶ್ಚಿತವಾಗಿ ಪತ್ತೆಹಚ್ಚಲು ಪ್ರಯೋಗಾಲಯದ ಗ್ಯಾಸ್ ಕ್ರೊಮ್ಯಾಟೊಗ್ರಫಿ ಪರೀಕ್ಷೆ ಬೇಕು.

ಬಳಸುವ ಕ್ರಮ

ಒಂದು ಮಿಲಿಲೀಟರಿನಲ್ಲಿ ಸುಮಾರು 20 ಹನಿಗಳಿರುತ್ತವೆ. ನೀರು ತುಂಬಿಸುವ ವಿದ್ಯುತ್ ಡಿಫ್ಯೂಸರ್‌ನ 100 ಮಿಲಿಲೀಟರ್ ನೀರಿಗೆ ಮೂರರಿಂದ ಐದು ಹನಿ ಸಾಕು. ಅರ್ಧ ಗಂಟೆ ಓಡಿಸಿ ನಿಲ್ಲಿಸುವುದು ಉತ್ತಮ. ಮೂಗು ಒಂದೇ ವಾಸನೆಗೆ ಬೇಗ ಒಗ್ಗಿಹೋಗುವುದರಿಂದ ಒಳಗಿರುವವರು ಪರಿಮಳ ಕಡಿಮೆಯಾಯಿತೆಂದು ಹನಿ ಸೇರಿಸುತ್ತಲೇ ಹೋಗುತ್ತಾರೆ. ಹೊರಗಿನಿಂದ ಆಗಷ್ಟೇ ಬಂದವರನ್ನು ಕೇಳಿದರೆ ನಿಜ ತಿಳಿಯುತ್ತದೆ.

ಬಟ್ಟೆಗೆ ತೈಲ ನೇರವಾಗಿ ತಾಗಕೂಡದು. ಹತ್ತಿಯುಂಡೆ ಅಥವಾ ಒತ್ತುಕಾಗದಕ್ಕೆ ಎರಡು ಮೂರು ಹನಿ ಹಾಕಿ, ತೆಳುಬಟ್ಟೆಯ ಚೀಲದಲ್ಲಿ ಕಟ್ಟಿ ಕಪಾಟಿನ ಮೂಲೆಯಲ್ಲಿ ಇಡುವುದು ರೂಢಿ. ಬಟ್ಟೆ ಜಾಲಿಸುವ ಬಕೆಟ್ಟಿಗೆ ತೈಲ ಸುರಿಯುವುದರಿಂದ ಪ್ರಯೋಜನವಿಲ್ಲ. ಅದು ನೀರಿನ ಮೇಲೆ ತೇಲಿ, ಬಟ್ಟೆ ಎತ್ತುವಾಗ ಚುಕ್ಕೆ ಚುಕ್ಕೆಯಾಗಿ ಅಂಟಿಕೊಳ್ಳುತ್ತದೆ. ಇಸ್ತ್ರಿ ಮಾಡುವಾಗ ಹತ್ತಿಬಟ್ಟೆಗೆ ಪನ್ನೀರು ಚಿಮುಕಿಸಬಹುದು. ರೇಷ್ಮೆ ಮತ್ತು ಜರಿ ಸೀರೆಗಳಿಗೆ ಏನನ್ನೂ ಸಿಂಪಡಿಸದಿರುವುದೇ ಕ್ಷೇಮ.

ಮಲೆನಾಡು ಮತ್ತು ಕರಾವಳಿಯಲ್ಲಿ ಮಳೆಗಾಲದ ಬಟ್ಟೆಗೆ ಬರುವ ಮುಗ್ಗಲು ವಾಸನೆಗೆ ಬೂಷ್ಟೇ ಕಾರಣ. ಅದರ ಮೇಲೆ ಲ್ಯಾವೆಂಡರ್ ಸೇರಿಸಿದರೆ ಮುಗ್ಗಲು ಹೋಗುವುದಿಲ್ಲ, ಎರಡೂ ಬೆರೆತು ಮೂರನೆಯ ವಾಸನೆ ಹುಟ್ಟುತ್ತದೆ. ಬಟ್ಟೆಯನ್ನು ಒಗೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ಕಪಾಟನ್ನು ತೆರೆದು ಗಾಳಿಯಾಡಿಸಿದ ಮೇಲಷ್ಟೇ ಸುಗಂಧದ ಮಾತು.

ಎಚ್ಚರಿಕೆಗಳು

ಶಿಶುಗಳಿರುವ ಮನೆಯಲ್ಲಿ ನುಸಿಗುಳಿಗೆಯ ವಿಷಯ ವಿಶೇಷವಾಗಿ ಗಮನಾರ್ಹ. ನಾಫ್ತಲೀನ್ ಗುಳಿಗೆಗಳ ನಡುವೆ ಇಟ್ಟಿದ್ದ ಬಟ್ಟೆ, ಹೊದಿಕೆಗಳನ್ನು ನೇರವಾಗಿ ಶಿಶುವಿಗೆ ತೊಡಿಸುವುದರಿಂದ, ಮುಖ್ಯವಾಗಿ ಜಿ6ಪಿಡಿ ಕಿಣ್ವದ ಕೊರತೆಯುಳ್ಳ ಮಕ್ಕಳಲ್ಲಿ, ಕೆಂಪು ರಕ್ತಕಣಗಳು ಒಡೆದು ತೀವ್ರ ಕಾಮಾಲೆ ಬರಬಹುದು. ಈ ಕೊರತೆ ಹುಟ್ಟಿನಿಂದಲೇ ಇರುವಂಥದು, ಹೊರನೋಟಕ್ಕೆ ತಿಳಿಯುವುದಿಲ್ಲ. ಅಜ್ಜಿಯ ಕಾಲದ ಹೊದಿಕೆಯನ್ನು ಬಾಣಂತಿಕೋಣೆಗೆ ತರುವ ಮುನ್ನ ಒಗೆದು, ಹಲವು ದಿನ ಬಿಸಿಲು-ಗಾಳಿಗೆ ಹಾಕಬೇಕು. ಮಗುವಿನ ಬಟ್ಟೆಯ ಪೆಟ್ಟಿಗೆಯಲ್ಲಿ ನಾಫ್ತಲೀನನ್ನಾಗಲಿ ಕರ್ಪೂರವನ್ನಾಗಲಿ ಇಡಬಾರದು. ಶಿಶುವಿನ ಕೋಣೆಗೆ ತೈಲವೂ ಬೇಡ.

ಕರ್ಪೂರ ಮತ್ತು ನೀಲಗಿರಿ ತೈಲಗಳನ್ನು ಮಕ್ಕಳು ಸ್ವಲ್ಪ ನುಂಗಿದರೂ ಫಿಟ್ಸ್ ಬರುವ, ಪ್ರಜ್ಞೆ ತಪ್ಪುವ ಅಪಾಯವಿದೆ. ಹಾಗಾದಾಗ ವಾಂತಿ ಮಾಡಿಸದೆ, ಸೀಸೆಯ ಸಹಿತ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಉಬ್ಬಸವುಳ್ಳವರಿಗೆ ಯಾವ ಪರಿಮಳವಾದರೂ, ನೈಸರ್ಗಿಕವೇ ಆಗಿದ್ದರೂ, ತೊಂದರೆ ಕೊಡಬಹುದು. ಕಿತ್ತಳೆ ತೈಲದ ಲಿಮೊನೀನ್ ಗಾಳಿಯಲ್ಲಿನ ಓಝೋನ್ ಜೊತೆ ವರ್ತಿಸಿ ಫಾರ್ಮಾಲ್ಡಿಹೈಡ್ ಉಂಟುಮಾಡುವುದರಿಂದ ಬಳಸುವಾಗ ಕಿಟಕಿ ತೆರೆದಿರಬೇಕು. ಬೆಕ್ಕುಗಳ ಯಕೃತ್ತು ಈ ತೈಲಗಳ ಹಲವು ಅಂಶಗಳನ್ನು ಸರಿಯಾಗಿ ಹೊರಹಾಕಲಾರದು. ಟೀ ಟ್ರೀ ತೈಲ ಅವುಗಳಿಗೆ ವಿಷ.

ಸುಗಂಧ ತೈಲಗಳು ಬೆಂಕಿ ಹತ್ತುವಂಥವು. ದೀಪದ ಉರಿಯ ಬಳಿ ಸುರಿಯಬಾರದು. ಕಿತ್ತಳೆ, ನಿಂಬೆಗಳ ತೈಲ ಥರ್ಮೊಕೋಲನ್ನು ಕರಗಿಸುತ್ತದೆ, ಮರದ ಪಾಲಿಶ್ ಕೆಡಿಸುತ್ತದೆ. ಗಾಢಬಣ್ಣದ ಗಾಜಿನ ಸೀಸೆಯಲ್ಲಿ, ಬಿಗಿಯಾಗಿ ಮುಚ್ಚಿ, ತಂಪಾದ ಕಡೆ ಇಟ್ಟರೂ ಹಿಂಡಿ ತೆಗೆದ ತೈಲಗಳು ಸುಮಾರು ಒಂದೆರಡು ವರ್ಷಗಳಲ್ಲಿ ಕೆಡುತ್ತವೆ. ಲಾವಂಚ, ಪಚೌಲಿ, ಶ್ರೀಗಂಧಗಳು ಇದಕ್ಕೆ ಅಪವಾದ: ಚೆನ್ನಾಗಿ ಮುಚ್ಚಿಟ್ಟರೆ ಅವು ಬಹುಕಾಲ ಬಾಳುತ್ತವೆ, ಹಳತಾದಂತೆ ಅವುಗಳ ಒರಟುತನ ಕಡಿಮೆಯಾಗುತ್ತದೆ.