ಹೆದ್ದೊರೆ: ನಾವು ಮರೆತ ಹೆಸರು

ಇಂಡಿ, ಸಿಂದಗಿ ತಾಲ್ಲೂಕುಗಳ ಉತ್ತರದ ಅಂಚಿನಲ್ಲಿ ಭೀಮಾ. ಬಸವನ ಬಾಗೇವಾಡಿ, ಮುದ್ದೇಬಿಹಾಳ ಸೀಮೆಯ ದಕ್ಷಿಣಕ್ಕೆ ಕೃಷ್ಣೆ. ಈ ಎರಡು ಹೊಳೆಗಳ ನಡುವೆ ಬೆಳೆದ ನನ್ನ ವಿದ್ಯಾರ್ಥಿಗಳು ಲಿಂಗ ಪ್ರಕರಣದ ಪಾಠ ಬಂದಾಗಲೆಲ್ಲ ಕೇಳುತ್ತಿದ್ದರು: “ಸರ, ಭೀಮ, ಕೃಷ್ಣ ಇಬ್ರೂ ಗಂಡಸರು. ಹೊಳಿಗೆ ಅವರ ಹೆಸರು ಯಾಕ್ರೀ?”

ಉತ್ತರ ವ್ಯಾಕರಣದಲ್ಲಿದೆ. ಸಂಸ್ಕೃತದಲ್ಲಿ ‘ನದೀ’ ಶಬ್ದ ಸ್ತ್ರೀಲಿಂಗ. ಶೋಣ, ಬ್ರಹ್ಮಪುತ್ರಗಳಂಥ ಕೆಲವು ‘ನದ’ಗಳನ್ನು ಬಿಟ್ಟರೆ ನದಿಗಳ ಹೆಸರುಗಳೂ ಬಹುಮಟ್ಟಿಗೆ ಸ್ತ್ರೀಲಿಂಗವೇ. ‘ಕೃಷ್ಣ’ ಎಂದರೆ ಕಪ್ಪು, ‘ಭೀಮ’ ಎಂದರೆ ಭಯಂಕರ. ಈ ಗುಣವಾಚಕಗಳ ಕೊನೆಗೆ ಸ್ತ್ರೀಪ್ರತ್ಯಯವಾದ ‘ಆ’ ಸೇರಿ ಕೃಷ್ಣಾ, ಭೀಮಾ ಎಂದಾದವು. ಯಾದವನಿಗೂ ಪಾಂಡವನಿಗೂ ಅವೇ ಗುಣವಾಚಕಗಳು ಹೆಸರಾದವು, ಅಷ್ಟೆ. ಭೀಮೆಗೆ ಪುರಾಣಗಳಲ್ಲಿ ಭೀಮರಥೀ ಎಂಬ ಹೆಸರೂ ಉಂಟು.

ಲ್ಯಾಟಿನ್ ಭಾಷೆಯ ನಿಯಮ ಇದಕ್ಕೆ ವಿರುದ್ಧ. ಅಲ್ಲಿ ನದಿಗಳ ಹೆಸರುಗಳು ಸಾಮಾನ್ಯವಾಗಿ ಪುಲ್ಲಿಂಗ; ರೋಮನರಿಗೆ ತೈಬರ್ ನದಿ ತಂದೆ, ನಮಗೆ ಗಂಗೆ ತಾಯಿ. ಕನ್ನಡದ್ದು ಮೂರನೆಯ ದಾರಿ. ನಮ್ಮಲ್ಲಿ ಲಿಂಗವು ಅರ್ಥವನ್ನು ಅನುಸರಿಸುವುದರಿಂದ ಹೊಳೆ ನಪುಂಸಕಲಿಂಗ. ಬಾಗಿನ ಕೊಡುವಾಗ ‘ಗಂಗವ್ವ’ ಎನ್ನುವವರೇ ಪ್ರವಾಹ ಬಂದಾಗ ‘ಹೊಳಿ ಬಂತು’ ಎನ್ನುತ್ತಾರೆ. ಸಂಸ್ಕೃತದ ಆಕಾರಾಂತ ಪದಗಳು ಕನ್ನಡಕ್ಕೆ ಬರುವಾಗ ಎಕಾರಾಂತವಾಗುವ ಬಗೆಯನ್ನು ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಹೇಳಿದ್ದಾನೆ. ಗಂಗಾ ಗಂಗೆಯಾದಂತೆ ಕೃಷ್ಣಾ ಕೃಷ್ಣೆಯಾಯಿತು.

ಆದರೆ ಕೃಷ್ಣೆಗೆ ಅಚ್ಚಗನ್ನಡದ ಹೆಸರೇ ಇತ್ತು. ಹಳಗನ್ನಡ ಶಾಸನಗಳು ಅದನ್ನು ‘ಪೆರ್ದೊರೆ’ ಎನ್ನುತ್ತವೆ. ‘ಪಿರಿದು’ ಎಂಬುದು ಸಮಾಸದಲ್ಲಿ ‘ಪೆರ್’ ಆಗುತ್ತದೆ. ‘ತೊರೆ’ಯ ತಕಾರಕ್ಕೆ ದಕಾರ ಬಂದು ಆದೇಶಸಂಧಿ. ಇಲ್ಲಿಯ ‘ದೊರೆ’ ಅರಸನಲ್ಲ, ತೊರೆ. ಪೆರ್ದೊರೆ ಎಂದರೆ ದೊಡ್ಡ ಹೊಳೆ, ಕರ್ಮಧಾರಯ ಸಮಾಸ. ಮುಂದೆ ಪಕಾರ ಹಕಾರವಾಗಿ, ರಕಾರ ಮುಂದಿನ ವ್ಯಂಜನದಲ್ಲಿ ಕರಗಿ ‘ಹೆದ್ದೊರೆ’ ಆಯಿತು. ಹೆಮ್ಮರ, ಹೆಬ್ಬಾಗಿಲು, ಹೆದ್ದಾರಿ ಎಲ್ಲವೂ ಇದೇ ಬಳಗದವು.

ವಿಜಯಪುರದಿಂದ ಹೊಸಪೇಟೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ ಆಲಮಟ್ಟಿಯ ಸೀಮೆಯಲ್ಲಿ ಕೃಷ್ಣೆಯನ್ನು ದಾಟುತ್ತದೆ. ಅಣೆಕಟ್ಟಿನ ಹಿಂದೆ ನಿಂತ ನೀರಿಗೆ ಈಗ ಲಾಲ್ ಬಹಾದ್ದೂರ್ ಶಾಸ್ತ್ರಿ ಸಾಗರವೆಂದು ಹೆಸರು. ಹೆದ್ದಾರಿ ನಾಮಫಲಕಗಳಲ್ಲಿ ಉಳಿಯಿತು, ಹೆದ್ದೊರೆ ಶಾಸನದ ಕಲ್ಲುಗಳಲ್ಲಿ ಉಳಿಯಿತು. ಮುಂದಿನ ಸಲ ಆ ಸೇತುವೆ ದಾಟುವಾಗ ಮಕ್ಕಳಿಗೆ ಈ ಪದವನ್ನು ಬಿಡಿಸಿ ಹೇಳಿರಿ. ನಿವೃತ್ತ ಮೇಷ್ಟ್ರು ಕೊಡುವ ಮನೆಗೆಲಸ ಇಷ್ಟೇ.