ಪಟ್ಟಿಯ ಹೊರಗಿನ ಚಿರತೆ: ವಿಪತ್ತಿನ ಕಾನೂನು ಮತ್ತು ತುಮಕೂರು ಸೀಮೆ

2019ರ ಕೊನೆಯಿಂದ 2020ರ ಮೊದಲ ತಿಂಗಳುಗಳವರೆಗೆ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳು ಕೂಡುವೆಡೆ, ಹೆಬ್ಬೂರು ಹಾಗೂ ಸಿ.ಎಸ್. ಪುರ ಸುತ್ತಿನ ಹಳ್ಳಿಗಳಲ್ಲಿ ಚಿರತೆ ದಾಳಿಗೆ ಮಕ್ಕಳೂ ವೃದ್ಧರೂ ಬಲಿಯಾದರು. ಅದರ ಬೆನ್ನಿಗೇ, 2020ರ ಮಾರ್ಚ್ 14ರಂದು, ಕೇಂದ್ರ ಗೃಹ ಸಚಿವಾಲಯವು ಕೋವಿಡ್ ಅನ್ನು ಅಧಿಸೂಚಿತ ವಿಪತ್ತೆಂದು ಪರಿಗಣಿಸಿತು. ಎರಡನೆಯ ಸಂಕಟದ ಹೊಣೆ ಜಿಲ್ಲಾಧಿಕಾರಿಯ ಮೇಲೆ ಬಿತ್ತು. ಮೊದಲನೆಯದು ಅರಣ್ಯ ಇಲಾಖೆಯ ವ್ಯವಹಾರವಾಗಿಯೇ ಉಳಿಯಿತು. ಈ ಭೇದಕ್ಕೆ ಕಾನೂನಿನಲ್ಲಿ ಆಧಾರವಿದೆಯೇ?

2005ರ ವಿಪತ್ತು ನಿರ್ವಹಣಾ ಅಧಿನಿಯಮದ 2(ಡಿ) ಪ್ರಕಾರ ವಿಪತ್ತೆನಿಸಲು, ಕಾರಣ ನೈಸರ್ಗಿಕವಿರಲಿ, ಮಾನವನಿರ್ಮಿತವಿರಲಿ, ಅಪಘಾತ ಇಲ್ಲವೇ ನಿರ್ಲಕ್ಷ್ಯವಿರಲಿ, ಗಣನೀಯ ಪ್ರಾಣಹಾನಿ ಇಲ್ಲವೇ ಜನರ ಸಂಕಟ, ಆಸ್ತಿನಾಶ ಅಥವಾ ಪರಿಸರಹಾನಿ ಆಗಿರಬೇಕು. ಅದು ಅಲ್ಲಿನ ಸಮುದಾಯ ತಾನೇ ನಿಭಾಯಿಸಲಾಗದಷ್ಟು ದೊಡ್ಡದಿರಬೇಕು. ಇಷ್ಟೇ ಜನ ಸಾಯಬೇಕೆಂಬ ಷರತ್ತಿಲ್ಲ. ಸಂಜೆಯಾದರೆ ಮಕ್ಕಳನ್ನು ಅಂಗಳಕ್ಕೂ ಬಿಡಲಾಗದ ಊರು ಈ ಮಾತಿನೊಳಗೆ ಬರುವುದಿಲ್ಲವೆಂದು ವಾದಿಸುವುದು ಕಷ್ಟ.

ಆದರೆ ಕಚೇರಿಗಳು ನಡೆಯುವುದು ವ್ಯಾಖ್ಯೆಯಿಂದಲ್ಲ, ಪಟ್ಟಿಯಿಂದ. ರಾಜ್ಯ ವಿಪತ್ತು ಪರಿಹಾರ ನಿಧಿಯ ಪಟ್ಟಿಯಲ್ಲಿ ಬರ, ಪ್ರವಾಹ, ಆಲಿಕಲ್ಲು, ಬೆಂಕಿ, ಭೂಕುಸಿತ, ಕೀಟಬಾಧೆ ಮೊದಲಾದ 12 ಬಗೆಗಳಿವೆ; ಚಿರತೆ ದಾಳಿ ಅವುಗಳಲ್ಲಿಲ್ಲ. ಬರಕ್ಕಂತೂ 2016ರ ಕೈಪಿಡಿಯೇ ಇದೆ: ಮಳೆ ಕೊರತೆ, ಬೆಳೆ ಸ್ಥಿತಿ, ಮಣ್ಣಿನ ತೇವಾಂಶ ಎಲ್ಲಕ್ಕೂ ಅಳತೆ. ಹಾಗಾಗಿಯೇ 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಲು ಸಾಧ್ಯವಾಯಿತು. ಭಯಕ್ಕೆ ಮಳೆಮಾಪಕವಿಲ್ಲ.

ಇದು ಪರಿಹಾರಧನದ ಜಗಳವೆಂದು ತಿಳಿಯಬಾರದು. ವಿಪತ್ತು ನಿಧಿಯಿಂದ ಮೃತರ ಕುಟುಂಬಕ್ಕೆ ಸಿಗುವುದು 4 ಲಕ್ಷ ರೂಪಾಯಿ. ವನ್ಯಪ್ರಾಣಿ ದಾಳಿಗೆ ಕರ್ನಾಟಕ 2023ರಲ್ಲೇ ಕೊಡುತ್ತಿದ್ದುದು 15 ಲಕ್ಷ. ಪಟ್ಟಿಯ ಹೊರಗಿರುವುದೇ ಲಾಭವೆನ್ನಬಹುದು! ಪ್ರಶ್ನೆ ಅಧಿಕಾರದ್ದು. ಚಿರತೆಯನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರ 1972ರ ವನ್ಯಜೀವಿ ಅಧಿನಿಯಮದ 11ನೇ ಸೆಕ್ಷನ್ನಿನಡಿ ಮುಖ್ಯ ವನ್ಯಜೀವಿ ಪರಿಪಾಲಕರದು. ಹಿಡಿಯಲು, ಸ್ಥಳಾಂತರಿಸಲು ಆಗದೆಂದು ಅವರಿಗೆ ಮನವರಿಕೆಯಾಗಬೇಕು. ಅದು ಹಾಗೇ ಇರಲಿ. ಶಾಲಾ ವಾಹನ, ಬೀದಿದೀಪ, ರಾತ್ರಿ ಪಾಳಿಯ ವಿದ್ಯುತ್, ಪೊದೆ ಸವರುವಿಕೆ ಇವು ಅರಣ್ಯ ಇಲಾಖೆಯ ಕೈಯಲ್ಲಿಲ್ಲ. ಇಲಾಖೆಗಳನ್ನು ಒಟ್ಟುಗೂಡಿಸುವ ಅಧಿಕಾರ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕಿದೆ.

ಕೇರಳವು 2024ರ ಮಾರ್ಚ್‌ನಲ್ಲಿ ಮಾನವ-ವನ್ಯಜೀವಿ ಸಂಘರ್ಷವನ್ನು ರಾಜ್ಯ ವಿಶಿಷ್ಟ ವಿಪತ್ತೆಂದು ಘೋಷಿಸಿತು. ತುಮಕೂರು ಅಂಥ ಘೋಷಣೆಗೂ ಕಾಯಬೇಕಿಲ್ಲ. ವಿಪತ್ತಿಗೆ ಈಡಾಗುವ ಪ್ರದೇಶಗಳನ್ನು ಜಿಲ್ಲಾ ಯೋಜನೆಯಲ್ಲಿ ಗುರುತಿಸಬೇಕು, ವರ್ಷಕ್ಕೊಮ್ಮೆ ಅದನ್ನು ಪರಿಷ್ಕರಿಸಬೇಕು ಎಂದು ವಿಪತ್ತು ನಿರ್ವಹಣಾ ಅಧಿನಿಯಮದ 31ನೇ ಸೆಕ್ಷನ್ ಈಗಾಗಲೇ ವಿಧಿಸಿದೆ.